ದೋಷವೂ ದೋಷಾನ್ವೇಷಣೆಯೂ

ಕೃತಿಯೆಂದ ಮೇಲೆ ದೋಷವುಂಟು; ದೋಷವೆಂದ ಮೇಲೆ ಅದನ್ನು ಎತ್ತಿ ತೋರಿಸುವವರೂ ಉಂಟು. ಕೃತಿಕಾರನಿಗೂ ದೋಷಾನ್ವೇಷಕನಿಗೂ ನಡುವಣ ಸಂಬಂಧ ಎಂತಹುದಾಗಿರಬೇಕೆಂಬ ಪ್ರಶ್ನೆ ಅಲಂಕಾರಶಾಸ್ತ್ರದಷ್ಟೇ ಪುರಾತನವಾದುದು. ಕನ್ನಡದಲ್ಲಿ ಉಪಲಬ್ಧವಾಗಿರುವ ಗ್ರಂಥಗಳಲ್ಲಿ ಮೊದಲನೆಯದಾದ ಕವಿರಾಜಮಾರ್ಗವು ತನ್ನ ಮೊದಲನೆಯ ಪರಿಚ್ಛೇದವನ್ನೇ ದೋಷಾದೋಷಗಳ ನಿರ್ಣಯಕ್ಕೆ ಮೀಸಲಾಗಿಟ್ಟಿದೆ. ಗುಣಾಲಂಕಾರಗಳಿಗಿಂತ ಮೊದಲು ದೋಷದ ಪರಿಜ್ಞಾನವು ಅಗತ್ಯವೆಂಬುದು ಆ ಶಾಸ್ತ್ರಕಾರನ ಅಭಿಪ್ರಾಯವಾಗಿರಬೇಕು. ಆದರೆ ಅವನು 'ದೋಷ' ಎಂದಷ್ಟೇ ಹೇಳದೆ 'ದೋಷಾದೋಷ' ಎಂದು ಹೇಳಿರುವುದು ಗಮನಾರ್ಹ. ದೋಷದಂತೆ ಕಂಡುದೆಲ್ಲವೂ ದೋಷವಲ್ಲ. ದೋಷವಲ್ಲವೆಂದು ತೋರಿದುದೆಲ್ಲವೂ ನಿರ್ದುಷ್ಟವಲ್ಲ. ಇವೆರಡನ್ನೂ ಬೇರ್ಪಡಿಸಿ ನೋಡುವ ವಿವೇಕವೇ ವಿಮರ್ಶೆ.

ಈ ವಿವೇಕವು ಇಂದು ಹೆಚ್ಚು ಅಗತ್ಯವಾಗಿದೆ. ಹಿಂದೆ ಚಲಚ್ಚಿತ್ರವನ್ನಾಗಲಿ ದೂರದರ್ಶನದ ಧಾರಾವಾಹಿಯನ್ನಾಗಲಿ ನೋಡುವವನಿಗೆ ಅದು ಹರಿಯುವ ನೀರಿನಂತಿತ್ತು. ಒಮ್ಮೆ ಕಣ್ಣ ಮುಂದೆ ಹಾದುಹೋದುದನ್ನು ಮತ್ತೆ ಹಿಡಿದು ನೋಡುವ ಸೌಲಭ್ಯವಿರಲಿಲ್ಲ. ಈಗಲಾದರೋ ವಿದ್ಯಾರ್ಥಿಯೊಬ್ಬನು ಅಂಗೈಯಲ್ಲಿರುವ ಮೊಬೈಲಿನಲ್ಲಿ ಚಿತ್ರವನ್ನು ನಿಲ್ಲಿಸಿ, ಹಿಂದಕ್ಕೆ ಸರಿಸಿ, ಹಿಗ್ಗಿಸಿ ನೋಡಬಲ್ಲನು. ತತ್ಫಲವಾಗಿ ತಪ್ಪು ಹುಡುಕುವುದು ಸ್ವತಃ ಒಂದು ವಿನೋದವಾಗಿ ಬೆಳೆದಿದೆ. ನಾಯಕನ ಕೈಯಲ್ಲಿದ್ದ ಲೋಟ ಮರುಕ್ಷಣದಲ್ಲಿ ಮಾಯವಾಯಿತು, ಬಲಗೆನ್ನೆಯ ಗಾಯ ಎಡಗೆನ್ನೆಗೆ ಹಾರಿತು ಎಂದು ಪಟ್ಟಿ ಮಾಡಿ ನಗುವವರು ಅಸಂಖ್ಯಾತರು. ಈ ನಗೆಯಲ್ಲಿ ಸೂಕ್ಷ್ಮದೃಷ್ಟಿಯ ಅಂಶವೆಷ್ಟು, ಅವಜ್ಞೆಯ ಅಂಶವೆಷ್ಟು ಎಂಬುದನ್ನು ವಿಚಾರಿಸಬೇಕಾಗಿದೆ. ಅದಕ್ಕೆ ಅಮೆರಿಕದ 'ಸ್ಟಾರ್ ಟ್ರೆಕ್' ಎಂಬ ಧಾರಾವಾಹಿಗಿಂತ ಉತ್ತಮವಾದ ಲಕ್ಷ್ಯ ದೊರೆಯಲಾರದು. ಏಕೆಂದರೆ ಅದರಷ್ಟು ಪ್ರೀತಿಸಲ್ಪಟ್ಟ, ಅದರಷ್ಟೇ ಕಟುವಾಗಿ ತಪ್ಪುಹಿಡಿಯಲ್ಪಟ್ಟ ವೈಜ್ಞಾನಿಕ ಕಲ್ಪನಾಕಥೆ ಮತ್ತೊಂದು ವಿರಳ.

ಜೀನ್ ರಾಡನ್‌ಬೆರಿ ಎಂಬವರು ಕಲ್ಪಿಸಿದ ಈ ಧಾರಾವಾಹಿ ಎನ್.ಬಿ.ಸಿ. ದೂರದರ್ಶನ ಜಾಲದಲ್ಲಿ 1966ರ ಸೆಪ್ಟೆಂಬರ್ 8ರಂದು ಆರಂಭವಾಗಿ 1969ರ ಜೂನ್ 3ರಂದು ಮುಕ್ತಾಯಗೊಂಡಿತು. ಮೂರು ಋತುಗಳಲ್ಲಿ ಪ್ರಸಾರವಾದ ಕಂತುಗಳು 79. ಎಂಟರ್‌ಪ್ರೈಸ್ ಎಂಬ ವ್ಯೋಮನೌಕೆ, ಅದರ ನಾಯಕ ಕರ್ಕ್, ವಲ್ಕನ್ ಗ್ರಹದ ತಾರ್ಕಿಕನಾದ ಸ್ಪಾಕ್, ವೈದ್ಯನಾದ ಮೆಕಾಯ್ ಇವರ ಸುತ್ತ ಕಥೆಗಳು ಹೆಣೆಯಲ್ಪಟ್ಟಿವೆ. 1980ರ ದಶಕದಲ್ಲಿ ದೂರದರ್ಶನವು ಇದನ್ನು ಭಾರತೀಯ ಪ್ರೇಕ್ಷಕರಿಗೂ ತೋರಿಸಿತು. ಮುಂದೆ ಇದರಿಂದ ಅನೇಕ ಧಾರಾವಾಹಿಗಳೂ ಚಲಚ್ಚಿತ್ರಗಳೂ ಕವಲೊಡೆದುವು. ಹೀಗೆ ಹಲವು ದಶಕಗಳ ಕಾಲ, ಹಲವು ಲೇಖಕರ ಕೈಯಲ್ಲಿ ಬೆಳೆದ ಕಥಾಲೋಕದಲ್ಲಿ ಪೂರ್ವಾಪರವಿರೋಧಗಳು ಸೇರದಿದ್ದರೆ ಅದೇ ಆಶ್ಚರ್ಯ.

ಮೊದಲು ಇಂತಹ ದೋಷಗಳ ಉತ್ಪತ್ತಿಯನ್ನು ತಿಳಿಯಬೇಕು. ಚಿತ್ರೀಕರಣವು ಕಥೆಯ ಅನುಕ್ರಮದಲ್ಲಿ ನಡೆಯುವುದಿಲ್ಲ. ಒಂದು ಕೋಣೆಯಲ್ಲಿ ನಡೆಯುವ ದೃಶ್ಯಗಳು ಕಥೆಯ ಆದಿಯಲ್ಲಿರಲಿ ಅಂತ್ಯದಲ್ಲಿರಲಿ, ಆ ಸೆಟ್ಟು ಸಿದ್ಧವಾಗಿರುವಾಗಲೇ ಅವನ್ನೆಲ್ಲ ಒಟ್ಟಿಗೆ ಚಿತ್ರಿಸಿಬಿಡುವುದು ವಾಡಿಕೆ. ಒಂದೇ ಸಂಭಾಷಣೆಯನ್ನು ದೂರದಿಂದ ಒಮ್ಮೆ, ಹತ್ತಿರದಿಂದ ಒಮ್ಮೆ, ಎದುರಾಳಿಯ ಹೆಗಲಿನ ಹಿಂದಿನಿಂದ ಮತ್ತೊಮ್ಮೆ ಚಿತ್ರಿಸುತ್ತಾರೆ. ಯಾವ ಕೈಯಲ್ಲಿ ಯಾವ ವಸ್ತುವಿತ್ತು, ಅಂಗಿಯ ಹರಿತ ಎಲ್ಲಿತ್ತು, ಗಾಯ ಯಾವ ಕಡೆಗಿತ್ತು ಎಂಬುದನ್ನು ಗುರುತುಹಾಕಿಕೊಳ್ಳಲೆಂದೇ ಸ್ಕ್ರಿಪ್ಟ್ ಸೂಪರ್‌ವೈಸರ್ ಎಂಬ ಪ್ರತ್ಯೇಕ ವ್ಯಕ್ತಿ ಇರುತ್ತಾರೆ. ಸ್ಟಾರ್ ಟ್ರೆಕ್‌ನ ಒಂದು ಗಂಟೆಯ ಕಂತನ್ನು ಸುಮಾರು ಆರು ದಿನಗಳಲ್ಲಿ ಚಿತ್ರಿಸಿ ಮುಗಿಸಬೇಕಾಗಿತ್ತು. ಆ ತ್ವರೆಯಲ್ಲಿ ಒಂದೆರಡು ಸಂಗತಿಗಳು ಎಂತಹ ಜಾಗರೂಕರ ಕಣ್ಣನ್ನೂ ತಪ್ಪಿಸಿಹೋಗುತ್ತವೆ. 'ದಿ ಎನಿಮಿ ವಿದಿನ್' ಎಂಬ ಕಂತಿನಲ್ಲಿ (1966ರ ಅಕ್ಟೋಬರ್ 6) ಕರ್ಕ್ ಸೌಮ್ಯನೆಂದೂ ಕ್ರೂರನೆಂದೂ ಇಬ್ಬರಾಗಿ ಸೀಳಿಹೋಗುತ್ತಾನೆ. ಕ್ರೂರನ ಕೆನ್ನೆಯಲ್ಲಿ ಉಗುರಿನ ಗೀರುಗಳಿವೆ. ಸಮೀಪಚಿತ್ರವೊಂದರಲ್ಲಿ ಆ ಗೀರುಗಳು ಇನ್ನೊಂದು ಕೆನ್ನೆಯಲ್ಲಿ ಕಾಣುತ್ತವೆ. ಚಿತ್ರಸುರುಳಿಯನ್ನು ಎಡಬಲ ತಿರುಗಿಸಿ ಜೋಡಿಸಿದುದರ ಫಲವಿದು. ಇಬ್ಬರಲ್ಲಿ ಯಾವನು ಯಾರೆಂದು ಗುರುತಿಸಲು ಆ ಗೀರೇ ಆಧಾರವಾದ ಕಥೆಯಲ್ಲಿ ಇದು ಸಣ್ಣ ತಪ್ಪಲ್ಲ. ಆದರೂ ಇದು ಕೈತಪ್ಪೇ ಹೊರತು ಬುದ್ಧಿತಪ್ಪಲ್ಲ. ಓಲೆಗರಿಯ ಮೇಲೆ ಬರೆಯುತ್ತ ಬರೆಯುತ್ತ ಲಿಪಿಕಾರನು ಒಂದಕ್ಷರವನ್ನು ಬಿಟ್ಟಂತೆ ಇದು.

ದಂಡಿಯು ಕಾವ್ಯಾದರ್ಶದಲ್ಲಿ ಹತ್ತು ದೋಷಗಳನ್ನು ಎಣಿಸಿದ್ದಾನೆ. ಅವುಗಳಲ್ಲಿ ಮೂರು ಈ ಸಂದರ್ಭಕ್ಕೆ ಅತ್ಯಂತ ಉಪಯುಕ್ತವಾಗಿವೆ. ಒಂದು 'ವ್ಯರ್ಥ'. ಈ ಶಬ್ದಕ್ಕೆ ಇಂದು ನಿಷ್ಫಲವೆಂಬ ಅರ್ಥ ರೂಢಿಯಲ್ಲಿದೆ. ದಂಡಿಯ ಪರಿಭಾಷೆಯಲ್ಲಿ ಮಾತ್ರ ಅದು ವಿರುದ್ಧಾರ್ಥವನ್ನು, ಎಂದರೆ ಒಂದು ವಾಕ್ಯದಲ್ಲಾಗಲಿ ಇಡೀ ಪ್ರಬಂಧದಲ್ಲಾಗಲಿ ಹಿಂದೆ ಹೇಳಿದುದಕ್ಕೂ ಮುಂದೆ ಹೇಳಿದುದಕ್ಕೂ ಇರುವ ಘರ್ಷಣೆಯನ್ನು ಸೂಚಿಸುತ್ತದೆ. ಎರಡನೆಯದು 'ಅಪಕ್ರಮ', ಅನುಕ್ರಮವು ತಪ್ಪುವುದು. ಮೂರನೆಯದು ದೇಶ, ಕಾಲ, ಕಲೆ, ಲೋಕ, ನ್ಯಾಯ, ಆಗಮ ಇವುಗಳಿಗೆ ವಿರೋಧವಾಗಿ ನುಡಿಯುವುದು. ಸಹಸ್ರಾಧಿಕ ವರ್ಷಗಳ ಹಿಂದಿನ ಈ ವಿಂಗಡಣೆಯಲ್ಲಿ ವ್ಯೋಮನೌಕೆಯ ಕಥೆಗೂ ಸ್ಥಾನವಿರುವುದು ಶಾಸ್ತ್ರದ ವ್ಯಾಪ್ತಿಗೆ ಸಾಕ್ಷಿ.

ವ್ಯರ್ಥದೋಷಕ್ಕೆ ಪ್ರಸಿದ್ಧವಾದ ಉದಾಹರಣೆ ನಾಯಕನ ಹೆಸರೇ ಆಗಿದೆ. ಧಾರಾವಾಹಿಗೆ ಅನುಮತಿ ಪಡೆಯಲೆಂದು 1965ರಲ್ಲಿ ತಯಾರಾದ ಎರಡನೆಯ ಮಾದರಿ ಕಂತಿನಲ್ಲಿ ಕರ್ಕ್‌ನಿಗಾಗಿ ಸಿದ್ಧಪಡಿಸಿದ ಸಮಾಧಿಶಿಲೆಯ ಮೇಲೆ 'ಜೇಮ್ಸ್ ಆರ್. ಕರ್ಕ್' ಎಂದು ಕೆತ್ತಲಾಗಿದೆ. ಅನಂತರ ಅವನು ಎಲ್ಲೆಡೆಯೂ ಜೇಮ್ಸ್ ಟಿ. ಕರ್ಕ್. 'ಟಿ' ಎಂದರೆ ಟೈಬೀರಿಯಸ್ ಎಂಬುದು ತಿಳಿದುಬಂದುದು 1974ರಲ್ಲಿ, ಅನಿಮೇಷನ್ ಸರಣಿಯ ಒಂದು ಕಂತಿನಲ್ಲಿ. ಆ ಸಮಾಧಿಶಿಲೆಯ ಒಂದಕ್ಷರವು ಅಭಿಮಾನಿಗಳಿಗೆ ಹಲವು ದಶಕಗಳ ಚರ್ಚೆಯನ್ನು ಒದಗಿಸಿತು.

ಕಾಲಗಣನೆಯ ವಿಷಯದಲ್ಲಿ ಇನ್ನೂ ಗುರುತರವಾದ ವಿರೋಧವಿದೆ. 1967ರ ಜನವರಿ 12ರಂದು ಪ್ರಸಾರವಾದ 'ದಿ ಸ್ಕ್ವಾಯರ್ ಆಫ್ ಗಾಥೋಸ್' ಕಂತಿನಲ್ಲಿ ಭೂಮಿಯಿಂದ 900 ಜ್ಯೋತಿರ್ವರ್ಷ ದೂರದಲ್ಲಿರುವ ವಿಚಿತ್ರ ಜೀವಿಯೊಂದು ನೆಪೋಲಿಯನ್ನನ ಕಾಲದ ಭೂಮಿಯನ್ನು ತನ್ನ ಸಮಕಾಲೀನವೆಂದು ಭಾವಿಸಿರುತ್ತದೆ. ಬೆಳಕು ಅಷ್ಟು ದೂರ ಸಾಗಲು 900 ವರ್ಷ ಬೇಕಾದುದರಿಂದ ಕಥೆ ನಡೆಯುವುದು ಕ್ರಿ.ಶ. 2700ರ ಅನಂತರವೆಂದು ಗಣಿತವು ಹೇಳುತ್ತದೆ. ತಿಂಗಳೊಂದು ಕಳೆದು, ಫೆಬ್ರವರಿ 16ರಂದು ಬಂದ 'ಸ್ಪೇಸ್ ಸೀಡ್' ಕಂತಿನಲ್ಲಿ 1990ರ ದಶಕದಲ್ಲಿ ಭೂಮಿಯನ್ನು ಬಿಟ್ಟುಹೊರಟ ಖಾನ್ ಎಂಬ ಸರ್ವಾಧಿಕಾರಿ ಎರಡು ಶತಮಾನ ನಿದ್ರಿಸಿದನೆಂದು ಕರ್ಕ್ ಹೇಳುತ್ತಾನೆ. ಹಾಗಾದರೆ ಕಥಾಕಾಲ ಕ್ರಿ.ಶ. 2190ರ ಸುಮಾರು. ಒಂದು ತಿಂಗಳ ಅಂತರದಲ್ಲಿ ಐದು ಶತಮಾನಗಳ ವ್ಯತ್ಯಾಸ! ಲೇಖಕರು ಯಾವ ಶತಮಾನವೆಂಬ ಇಕ್ಕಟ್ಟಿಗೆ ಸಿಲುಕದಿರಲೆಂದೇ 'ಸ್ಟಾರ್‌ಡೇಟ್' ಎಂಬ ಸಾಂಕೇತಿಕ ದಿನಾಂಕವನ್ನು ಕಲ್ಪಿಸಿಕೊಂಡಿದ್ದರು. ಆದರೆ ಸಂಕೇತದ ಹಿಂದೆ ಅಡಗಿಕೊಂಡವನು ಮಾತಿನ ನಡುವೆ ತಾನೇ ಹೊರಬಂದು ಸಿಕ್ಕಿಬಿದ್ದನು.

ಇಲ್ಲಿ ಒಂದು ಸೂಕ್ಷ್ಮವನ್ನು ಮರೆಯಬಾರದು. 1990ರ ದಶಕದಲ್ಲಿ ಖಾನ್‌ನ ಯುದ್ಧಗಳು ನಡೆಯಲಿಲ್ಲವೆಂದು ಕೆಲವರು ಅದನ್ನೂ ತಪ್ಪಿನ ಪಟ್ಟಿಗೆ ಸೇರಿಸುವುದುಂಟು. ಇದು ಅನ್ಯಾಯ. 1967ರಲ್ಲಿ ಬರೆಯುವವನಿಗೆ ಮುಂದಿನ ಮೂವತ್ತು ವರ್ಷಗಳ ಚರಿತ್ರೆ ತಿಳಿದಿರಬೇಕೆನ್ನಲಾಗದು. ಕಲ್ಪನೆಯು ಕಲ್ಪನೆಯಾಗಿಯೇ ಉಳಿಯಿತೆಂಬುದು ದೋಷವಲ್ಲ. ತನ್ನ ಕಲ್ಪನೆಯನ್ನು ತಾನೇ ತಿಂಗಳೊಳಗೆ ಮರೆತರೆ ಅದು ದೋಷ.

ಅಪಕ್ರಮದ ಅರ್ಥವನ್ನು ಸ್ವಲ್ಪ ವಿಸ್ತರಿಸಿದರೆ ಪ್ರಸಾರದ ಅನುಕ್ರಮದಿಂದಾದ ತೊಡಕುಗಳು ಅದರೊಳಗೆ ಬರುತ್ತವೆ. ಮೇಲೆ ಹೇಳಿದ ಎರಡನೆಯ ಮಾದರಿ ಕಂತು ಮೊದಲು ತಯಾರಾದರೂ ಪ್ರಸಾರವಾದುದು ಮೂರನೆಯದಾಗಿ, 1966ರ ಸೆಪ್ಟೆಂಬರ್ 22ರಂದು. ಮೊದಲ ಕಂತಿನಲ್ಲಿ ವೈದ್ಯ ಮೆಕಾಯ್‌ನನ್ನು ಕಂಡಿದ್ದ ಪ್ರೇಕ್ಷಕರಿಗೆ ಮೂರನೆಯ ಕಂತಿನಲ್ಲಿ ಪೈಪರ್ ಎಂಬ ಬೇರೊಬ್ಬ ವೈದ್ಯ ಎದುರಾದನು, ಸಮವಸ್ತ್ರ ಬೇರೆಯಾಗಿತ್ತು, ನೌಕೆಯ ಚುಕ್ಕಾಣಿ ಹಿಡಿಯುವ ಸುಲು ಅಲ್ಲಿ ವಿಜ್ಞಾನವಿಭಾಗದವನಾಗಿದ್ದನು. ಯಾವ ವಿವರಣೆಯೂ ಇಲ್ಲ. ಮುಂದಿನ ವಾರ ಮತ್ತೆ ಎಲ್ಲವೂ ಮೊದಲಿನಂತೆ. ಇಲ್ಲಿ ಬರೆದವರ ತಪ್ಪಿಲ್ಲ, ನಟಿಸಿದವರ ತಪ್ಪಿಲ್ಲ; ಜೋಡಿಸಿದವರ ತಪ್ಪು. ಗ್ರಂಥದ ಗರಿಗಳು ಹಿಂದುಮುಂದಾದರೆ ಕವಿಯನ್ನು ದೂಷಿಸುವುದು ಸಲ್ಲದು.

ಇನ್ನು ದೇಶಕಾಲಾದಿ ವಿರೋಧಗಳು. ಗಾಳಿಯಿಲ್ಲದ ಆಕಾಶದಲ್ಲಿ ಶಬ್ದವು ಸಂಚರಿಸಲಾರದು; ಆದರೂ ಎಂಟರ್‌ಪ್ರೈಸ್ ನೌಕೆ ಪ್ರತಿ ಕಂತಿನ ಆರಂಭದಲ್ಲಿಯೂ ಸುಯ್ಯೆಂದು ಸದ್ದುಮಾಡುತ್ತ ಹಾದುಹೋಗುತ್ತದೆ. ಇದು ಲೋಕವಿರೋಧ. ಆದರೆ ದಂಡಿಯೇ ಹೇಳಿರುವಂತೆ ಇಂತಹ ವಿರೋಧಗಳು ಕೆಲವೊಮ್ಮೆ ಕವಿಕೌಶಲದಿಂದ ದೋಷದ ಎಣಿಕೆಯನ್ನು ದಾಟಿ ಗುಣದ ಬೀದಿಯನ್ನು ಪ್ರವೇಶಿಸುತ್ತವೆ. ಆ ಸದ್ದಿಲ್ಲದಿದ್ದರೆ ನೌಕೆಯ ವೇಗ ಪ್ರೇಕ್ಷಕನ ಮನಸ್ಸಿಗೆ ತಟ್ಟುತ್ತಿರಲಿಲ್ಲ. ಅದನ್ನು ತಿಳಿದೂ ಮಾಡಿದರು. ಆದಕಾರಣ ಅದು ಕವಿಸಮಯ.

ದೇಶವಿರೋಧಕ್ಕೆ ಭಾರತೀಯ ವಾಚಕರು ಥಟ್ಟನೆ ಗುರುತಿಸಬಲ್ಲ ಉದಾಹರಣೆಯೊಂದುಂಟು. ಮೇಲೆ ಹೇಳಿದ ಸರ್ವಾಧಿಕಾರಿಯ ಪೂರ್ಣನಾಮ ಖಾನ್ ನೂನಿಯನ್ ಸಿಂಗ್. ನೌಕೆಯ ಇತಿಹಾಸಜ್ಞೆ ಅವನನ್ನು ನೋಡಿ ಉತ್ತರ ಭಾರತದವನು, ಬಹುಶಃ ಸಿಖ್ ಇರಬಹುದೆಂದು ಊಹಿಸುತ್ತಾಳೆ. ಆದರೆ ಅವನಿಗೆ ಗಡ್ಡವಿಲ್ಲ. ಮುಂಡಾಸು ಆಕೆ ಬರೆದ ಚಿತ್ರದಲ್ಲಿ ಮಾತ್ರ ಉಂಟು. 'ಖಾನ್' ಎಂಬುದೂ 'ಸಿಂಗ್' ಎಂಬುದೂ ಒಂದೇ ಹೆಸರಿನಲ್ಲಿ ಹೇಗೆ ಕೂಡಿದುವೆಂಬುದಕ್ಕೆ ಕಥೆಯಲ್ಲಿ ಸಮಾಧಾನವಿಲ್ಲ. ಪಾತ್ರವನ್ನು ವಹಿಸಿದವರು ಮೆಕ್ಸಿಕೊದಲ್ಲಿ ಹುಟ್ಟಿದ ರಿಕಾರ್ಡೊ ಮೊಂಟಲ್ಬಾನ್. ಅವರ ಅಭಿನಯ ಅಸಾಧಾರಣವಾದುದು. ಆ ಪಾತ್ರ ಇಂದಿಗೂ ಉಳಿದಿದ್ದರೆ ಅದು ಅವರ ಪ್ರಭಾವದಿಂದ. ಆದರೂ ಒಂದು ಜನಾಂಗದ ಹೆಸರನ್ನು ಎರವಲು ಪಡೆದವರು ಆ ಜನಾಂಗದ ಆಚಾರವನ್ನು ಒಂದಿಷ್ಟು ವಿಚಾರಿಸಿಕೊಳ್ಳಬೇಕಾಗಿತ್ತು. ಸ್ಟಾರ್ ಟ್ರೆಕ್‌ನ ನಿರ್ಮಾಪಕರು ಅಲಕ್ಷ್ಯಗಾರರೇನೂ ಆಗಿರಲಿಲ್ಲ. ಕೆಲಂ ಡಿ ಫಾರೆಸ್ಟ್ ಎಂಬವರ ಸಂಶೋಧನ ಸಂಸ್ಥೆಯಿಂದ ಚಿತ್ರಕಥೆಗಳನ್ನು ಪರೀಕ್ಷೆಮಾಡಿಸುವ ಏರ್ಪಾಡು ಅವರಲ್ಲಿತ್ತು. ಹಾಗಿದ್ದೂ ಇದು ಉಳಿದುಬಂದಿತು. ಗೀರು ಕೆನ್ನೆ ಬದಲಿಸಿದುದನ್ನು ಎಣಿಸುವ ತಪ್ಪಿನ ಪಟ್ಟಿಗಳಲ್ಲಿ ಈ ಬಗೆಯ ತಪ್ಪಿಗೆ ದೊರೆಯಬೇಕಾದ ಸ್ಥಾನ ದೊರೆಯುವುದು ಅಪರೂಪ.

ಆನಂದವರ್ಧನನು ಧ್ವನ್ಯಾಲೋಕದಲ್ಲಿ ಮಾಡಿರುವ ವಿಭಾಗವು ಇಲ್ಲಿ ದಾರಿ ತೋರುತ್ತದೆ. ವ್ಯುತ್ಪತ್ತಿಯ ಕೊರತೆಯಿಂದ ಬಂದ ದೋಷವು ಕವಿಯ ಶಕ್ತಿಯಿಂದ ಮರೆಯಾಗಬಹುದು. ಶಕ್ತಿಯ ಕೊರತೆಯಿಂದ ಬಂದ ದೋಷವು ಒಡನೆಯೇ ಎದ್ದು ಕಾಣುತ್ತದೆ ಎಂಬುದು ಅವನ ಅಭಿಪ್ರಾಯ. ದೂರದರ್ಶನದಂತಹ ಸಾಮೂಹಿಕ ಕಲೆಯ ವಿಷಯದಲ್ಲಿ ಇದಕ್ಕೆ ಮೂರನೆಯದೊಂದನ್ನು ಸೇರಿಸಬೇಕಾಗುತ್ತದೆ: ದ್ರವ್ಯದ ಕೊರತೆಯಿಂದ ಬಂದ ದೋಷ. 'ದಿ ಎನಿಮಿ ವಿದಿನ್' ಕಂತಿನಲ್ಲಿಯೇ ಸುಲು ಮತ್ತು ಸಂಗಡಿಗರು ಹಿಮಮಯವಾಗುತ್ತಿರುವ ಗ್ರಹದ ಮೇಲೆ ಸಿಲುಕಿ ಚಳಿಯಿಂದ ಸಾಯುವ ಸ್ಥಿತಿಗೆ ಬರುತ್ತಾರೆ. ಅವರನ್ನು ಕರೆತರಲು ನೌಕೆಯಲ್ಲಿದ್ದ ಕಿರುನೌಕೆಯನ್ನೇಕೆ ಕಳುಹಿಸಲಿಲ್ಲ? ಇಂದಿನ ಪ್ರೇಕ್ಷಕನು ಕೇಳುವ ಮೊದಲ ಪ್ರಶ್ನೆಯೇ ಇದು. ಉತ್ತರ ಸರಳ: ಕಿರುನೌಕೆಯನ್ನು ಆಗ ಇನ್ನೂ ಕಟ್ಟಿರಲಿಲ್ಲ, ಕಟ್ಟಲು ಹಣವಿರಲಿಲ್ಲ. ಎ.ಎಂ.ಟಿ. ಎಂಬ ಆಟಿಕೆ ಮಾದರಿಗಳ ಕಂಪನಿ ಮಾದರಿಗಳನ್ನು ಮಾರುವ ಹಕ್ಕಿಗೆ ಪ್ರತಿಯಾಗಿ ಅದನ್ನು ಕಟ್ಟಿಸಿಕೊಟ್ಟ ಮೇಲೆ 1967ರ ಜನವರಿ 5ರ 'ದಿ ಗೆಲಿಲಿಯೊ ಸೆವೆನ್' ಕಂತಿನಲ್ಲಿ ಅದು ಮೊದಲ ಬಾರಿಗೆ ಕಾಣಿಸಿಕೊಂಡಿತು. ಎಂಟರ್‌ಪ್ರೈಸ್ ನೌಕೆಯ ಹನ್ನೊಂದು ಅಡಿಯ ಮಾದರಿಗೂ ಎಡಮೈಯಲ್ಲಿ ಬಣ್ಣಬರಹಗಳ ಬದಲು ವಿದ್ಯುತ್ ತಂತಿಗಳಿದ್ದುವು. ಕ್ಯಾಮೆರಾ ಬಲಮೈಯನ್ನೇ ನೋಡಬೇಕಾಗಿತ್ತು. ಆ ಮಾದರಿ ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ.

ಬಡತನವು ದೋಷವನ್ನು ಹುಟ್ಟಿಸಿದಂತೆ ಉಪಾಯವನ್ನೂ ಹುಟ್ಟಿಸುತ್ತದೆ. ವಾರವಾರವೂ ಬೃಹನ್ನೌಕೆಯನ್ನು ಹೊಸ ಹೊಸ ಗ್ರಹಗಳ ಮೇಲೆ ಇಳಿಸಿ ತೋರಿಸುವುದು ದುಬಾರಿಯಾದುದರಿಂದಲೇ ಮನುಷ್ಯರನ್ನು ಕ್ಷಣಮಾತ್ರದಲ್ಲಿ ಕೆಳಗಿಳಿಸುವ 'ಟ್ರಾನ್ಸ್‌ಪೋರ್ಟರ್' ಎಂಬ ಯಂತ್ರದ ಕಲ್ಪನೆ ಬಂದಿತು. ಇಂದು ಆ ಕಥೆಯೆಂದೊಡನೆ ಜನರಿಗೆ ನೆನಪಾಗುವುದೇ ಅದು. ಒಂದು ಕಂತಿಗಾಗಿ ವಿಚಿತ್ರಾಕಾರದ ಉಪ್ಪಿನ ಡಬ್ಬಿಗಳನ್ನು ತಂದರು. ಪ್ರೇಕ್ಷಕರಿಗೆ ಅವು ಉಪ್ಪಿನ ಡಬ್ಬಿಗಳೆಂದೇ ತಿಳಿಯಲಾರದೆಂದು ತೋರಿದಾಗ ಅವನ್ನು ಎಸೆಯದೆ ವೈದ್ಯ ಮೆಕಾಯ್‌ನ ಶಸ್ತ್ರಚಿಕಿತ್ಸೆಯ ಉಪಕರಣಗಳನ್ನಾಗಿ ಮಾಡಿಕೊಂಡರು. ದೂರದರ್ಶನ ಜಾಲವು ತಿರಸ್ಕರಿಸಿದ ಮೊದಲನೆಯ ಮಾದರಿ ಕಂತನ್ನು ವ್ಯರ್ಥಗೊಳಿಸದೆ, ಹದಿಮೂರು ವರ್ಷಗಳ ಹಿಂದಿನ ಘಟನೆಯೆಂಬ ನೆವದಿಂದ 1966ರ ನವೆಂಬರಿನಲ್ಲಿ 'ದಿ ಮೆನಾಜರಿ' ಎಂಬ ಎರಡು ಕಂತುಗಳೊಳಗೆ ಹೊಂದಿಸಿದರು. ಭಾವನೆಯನ್ನು ತೋರಗೊಡದ ಸ್ಪಾಕ್ ಆ ಹಳೆಯ ಚಿತ್ರಭಾಗದಲ್ಲಿ ಮುಗುಳ್ನಗುವುದೂ ಉಂಟು. ತರುಣನಾಗಿದ್ದಾಗ ನಕ್ಕಿರಬಹುದೆಂದು ಸಹೃದಯರು ಸಮಾಧಾನ ತಂದುಕೊಂಡರು.

ಸಮಾಧಾನ ಹೇಳುವುದೂ ಒಂದು ವಿದ್ಯೆ. 1982ರ 'ದಿ ರಾತ್ ಆಫ್ ಖಾನ್' ಚಲಚ್ಚಿತ್ರದಲ್ಲಿ ಖಾನ್‌ನು ಚೆಕೊವ್ ಎಂಬ ಅಧಿಕಾರಿಯ ಮುಖವನ್ನು ನೋಡಿ ಗುರುತು ಹಿಡಿಯುತ್ತಾನೆ. ಆದರೆ ಖಾನ್‌ನ ಕಂತು ಮೊದಲ ಋತುವಿನದು. ಚೆಕೊವ್‌ನ ಪಾತ್ರ ಸೇರಿದುದು 1967ರ ಸೆಪ್ಟೆಂಬರಿನಲ್ಲಿ ಆರಂಭವಾದ ಎರಡನೆಯ ಋತುವಿನಲ್ಲಿ. ಆ ಪಾತ್ರಧಾರಿಯಾದ ವಾಲ್ಟರ್ ಕೊಯ್ನಿಗ್ ಅಭಿಮಾನಿಗಳ ಸಭೆಗಳಲ್ಲಿ ಇದಕ್ಕೆ ವಿನೋದದ ಸಮಾಧಾನವನ್ನು ಹೇಳುತ್ತಿದ್ದರು: ಚೆಕೊವ್ ಆಗಲೇ ನೌಕೆಯಲ್ಲಿದ್ದನು, ಸ್ನಾನಗೃಹದೊಳಗೆ ಸೇರಿಕೊಂಡು ಖಾನ್‌ನನ್ನು ಬಹಳ ಹೊತ್ತು ಹೊರಗೆ ಕಾಯಿಸಿದ್ದನು, ಆ ಮುಖವನ್ನು ಅವನು ಮರೆಯುವುದುಂಟೆ! ಶಾಸ್ತ್ರನಿಷ್ಠರಾದ ಅಭಿಮಾನಿಗಳು ಬೇರೊಂದು ಯುಕ್ತಿಯನ್ನು ಕಂಡುಹಿಡಿದರು. ಚೆಕೊವ್ ಕಾಣಿಸಿಕೊಳ್ಳುವ 'ಕ್ಯಾಟ್ಸ್‌ಪಾ' ಕಂತಿನ ಸ್ಟಾರ್‌ಡೇಟ್ 3018.2; ಖಾನ್‌ನ ಕಂತಿನದು 3141.9. ಪ್ರಸಾರದಲ್ಲಿ ಹಿಂದಾದರೂ ಕಥಾಕಾಲದಲ್ಲಿ ಚೆಕೊವ್ ಮೊದಲೇ ಬಂದಿದ್ದನೆಂದು ಇದರಿಂದ ಸಾಧಿಸಿದರು. ವ್ಯಾಖ್ಯಾನಕಾರರ ಕೈಚಳಕವನ್ನು ಬಲ್ಲವರಿಗೆ ಇದು ಹೊಸದಲ್ಲ.

ಕ್ಲಿಂಗಾನರ ಹಣೆಯ ಪ್ರಸಂಗವು ಇನ್ನೂ ಬೋಧಪ್ರದವಾಗಿದೆ. 1967ರಲ್ಲಿ ಮೊದಲು ಕಾಣಿಸಿಕೊಂಡಾಗ ಈ ಜನಾಂಗದವರ ಹಣೆ ಮನುಷ್ಯರದರಂತೆ ನುಣುಪಾಗಿತ್ತು. 1979ರ ಚಲಚ್ಚಿತ್ರದಲ್ಲಿ ಹಣ ಹೆಚ್ಚಿ ಪ್ರಸಾಧನಕಲೆ ಬೆಳೆದುದರಿಂದ ಅವರ ಹಣೆಯ ಮೇಲೆ ಎಲುಬಿನ ಏಣುಗಳೆದ್ದುವು. 1996ರಲ್ಲಿ ಮೂವತ್ತನೆಯ ವಾರ್ಷಿಕೋತ್ಸವದ ಸಂದರ್ಭದ ಕಂತೊಂದರಲ್ಲಿ ಏಣುಹಣೆಯ ವೋರ್ಫ್ ಹಳೆಯ ಕಾಲಕ್ಕೆ ಹೋಗಿ ನುಣುಪುಹಣೆಯವರ ನಡುವೆ ಕುಳಿತಿರುತ್ತಾನೆ. ಸಂಗಡಿಗರು ಕಾರಣ ಕೇಳಿದರೆ, ಹೊರಗಿನವರೊಡನೆ ತಾವು ಆ ವಿಷಯವನ್ನು ಮಾತನಾಡುವುದಿಲ್ಲವೆಂದು ಗಂಭೀರವಾಗಿ ಹೇಳಿ ಮುಗಿಸಿಬಿಡುತ್ತಾನೆ. ದೋಷವನ್ನು ಒಪ್ಪಿಕೊಂಡು, ಪ್ರೇಕ್ಷಕನೊಡನೆ ಸೇರಿ ನಕ್ಕು, ಕಥೆಯ ಗಾಂಭೀರ್ಯವನ್ನೂ ಉಳಿಸಿಕೊಂಡ ಈ ಒಂದು ಮಾತು ದಂಡಿಯು ಹೇಳಿದ ಕವಿಕೌಶಲಕ್ಕೆ ಸೊಗಸಾದ ನಿದರ್ಶನ. ಆದರೆ 2005ರಲ್ಲಿ 'ಎಂಟರ್‌ಪ್ರೈಸ್' ಎಂಬ ಸರಣಿಯವರು ಎರಡು ಕಂತುಗಳನ್ನು ವಿನಿಯೋಗಿಸಿ, ಸೋಂಕೊಂದರಿಂದ ಹಣೆ ನುಣುಪಾಯಿತೆಂದು ವಿವರಿಸಿದರು. ವಿವರಣೆ ಚತುರವಾಗಿಯೇ ಇದೆ. ಆದರೂ ಒಂದು ಮುಗುಳ್ನಗೆಯಿಂದ ತೀರಿದ್ದ ಸಾಲವನ್ನು ಮತ್ತೆ ಬಡ್ಡಿಸಹಿತ ತೀರಿಸಿದಂತಾಯಿತು. ಪ್ರತಿಯೊಂದು ತಪ್ಪಿಗೂ ಕಾರಣವನ್ನು ಕಲ್ಪಿಸಲು ಹೊರಟರೆ ಕಥೆಯು ತನ್ನ ತಪ್ಪುಗಳ ಭಾಷ್ಯವಾಗಿ ಪರಿಣಮಿಸುತ್ತದೆ.

ತಿದ್ದುವಿಕೆಯ ಪ್ರಶ್ನೆಯೂ ಇದಕ್ಕೆ ಹೊಂದಿಕೊಂಡಿದೆ. 2006ರಿಂದ ಮೊದಲುಗೊಂಡು ಹಳೆಯ ಕಂತುಗಳ ವ್ಯೋಮದೃಶ್ಯಗಳನ್ನು ಕಂಪ್ಯೂಟರ್ ಚಿತ್ರಗಳಿಂದ ಬದಲಾಯಿಸಿ ನವೀಕರಿಸಿದರು. ಆದರೆ ಮುಂದೆ ಬ್ಲೂ-ರೇ ತಟ್ಟೆಗಳಲ್ಲಿ ಹೊರತಂದಾಗ ಹಳೆಯ ರೂಪವನ್ನೂ ಹೊಸ ರೂಪವನ್ನೂ ಎರಡನ್ನೂ ಕೊಟ್ಟರು. ಇದು ಸರಿಯಾದ ಮಾರ್ಗ. ಗ್ರಂಥಸಂಪಾದನೆಯಲ್ಲಿ ಬಲ್ಲವರು ಅನುಸರಿಸುವ ನಿಯಮವೂ ಇದೇ: ಶುದ್ಧಪಾಠವೆಂದು ತೋರಿದುದನ್ನು ಮೇಲಿಡು, ಪ್ರತಿಯಲ್ಲಿದ್ದುದನ್ನು ಅಡಿಯಲ್ಲಿ ಕಾಣಿಸು, ಯಾವುದನ್ನೂ ಅಳಿಸಬೇಡ. ಶೂನ್ಯಸಂಪಾದನೆಯು ನಾಲ್ವರು ಸಂಪಾದನಕಾರರ ಕೈಯಲ್ಲಿ ನಾಲ್ಕು ಬಾರಿ ರೂಪುಗೊಂಡಿತು. ಹಿಂದಿನದರಲ್ಲಿ ಕೊರತೆ ಕಂಡವರು ಅದನ್ನು ಪರಿಷ್ಕರಿಸಿ ಹೊಸತನ್ನು ರಚಿಸಿದರು. ಆದರೆ ಹಿಂದಿನದೂ ಉಳಿದುಬಂದುದರಿಂದ ಇಂದು ಅವುಗಳ ನಡುವಣ ಬೆಳವಣಿಗೆಯನ್ನು ಅರಿಯಲು ಸಾಧ್ಯವಾಗಿದೆ. ಹಳೆಯದು ನಾಶವಾಗಿದ್ದರೆ ತಿದ್ದಿದವರ ಶ್ರಮದ ಬೆಲೆಯೂ ತಿಳಿಯುತ್ತಿರಲಿಲ್ಲ.

ಇಷ್ಟರವರೆಗೆ ಹೇಳಿದುವೆಲ್ಲ ಕಣ್ಣಿಗೆ ಕಾಣುವ, ಲೆಕ್ಕಕ್ಕೆ ಸಿಗುವ ದೋಷಗಳು. ಸ್ಟಾರ್ ಟ್ರೆಕ್‌ನ ನಿಜವಾದ ಪೂರ್ವಾಪರವಿರೋಧ ಇವಾವುದೂ ಅಲ್ಲ. ಮಾನವಕುಲವು ವರ್ಣಭೇದ, ದೇಶಭೇದಗಳನ್ನು ನೀಗಿ ಒಂದಾಗಿ ನಡೆಯುವ ಭವಿಷ್ಯವನ್ನು ತೋರುವುದು ಆ ಧಾರಾವಾಹಿಯ ಪ್ರತಿಜ್ಞೆ. ಆ ಪ್ರತಿಜ್ಞೆಗೆ ತಕ್ಕಂತೆ ಉಹುರಾ ಎಂಬ ಆಫ್ರಿಕನ್ ಮೂಲದ ಅಧಿಕಾರಿಣಿಯನ್ನು ನೌಕೆಯ ನಿಯಂತ್ರಣ ಕೇಂದ್ರದಲ್ಲಿ ಕುಳ್ಳಿರಿಸಿದುದು 1966ರ ಅಮೆರಿಕದಲ್ಲಿ ಅಲ್ಪಸಾಹಸವಲ್ಲ. ಪಾತ್ರವನ್ನು ಬಿಟ್ಟುಹೋಗಲೆಳಸಿದ್ದ ನಟಿ ನಿಶೆಲ್ ನಿಕೋಲ್ಸ್ ಅವರನ್ನು ಮಾರ್ಟಿನ್ ಲೂಥರ್ ಕಿಂಗ್ ಅವರೇ ಭೇಟಿಯಾಗಿ ಉಳಿಯುವಂತೆ ಒತ್ತಾಯಿಸಿದರೆಂದು ಆಕೆ ಹೇಳಿಕೊಂಡಿದ್ದಾರೆ. ಆದರೆ ಅದೇ ಧಾರಾವಾಹಿಯ ತಿರಸ್ಕೃತವಾದ ಮೊದಲ ಮಾದರಿ ಕಂತಿನಲ್ಲಿ ನೌಕೆಯ ಎರಡನೆಯ ಅಧಿಕಾರಿ ಒಬ್ಬ ಮಹಿಳೆ. ಎರಡನೆಯ ಮಾದರಿಯ ವೇಳೆಗೆ ಆ ಪಾತ್ರವೇ ಮಾಯವಾಗಿತ್ತು. 1969ರ ಜೂನ್ 3ರ ಕೊನೆಯ ಕಂತಿನಲ್ಲಿ ಜಾನಿಸ್ ಲೆಸ್ಟರ್ ಎಂಬ ವಿಜ್ಞಾನಿ, ನೌಕಾನಾಯಕರ ಲೋಕದಲ್ಲಿ ಹೆಣ್ಣಿಗೆ ಪ್ರವೇಶವಿಲ್ಲವೆಂದು ದೂರುತ್ತಾಳೆ. ಅದು ನ್ಯಾಯವಲ್ಲವೆಂದು ಕರ್ಕ್ ಕೂಡ ಒಪ್ಪುತ್ತಾನೆ. ಆದರೆ ಕಥೆಯು ಆ ಅನ್ಯಾಯವನ್ನು ವಿಚಾರಿಸದೆ, ದೂರಿದವಳನ್ನೇ ಉನ್ಮತ್ತಳೆಂದು ತೋರಿಸಿ ಮುಗಿದುಹೋಗುತ್ತದೆ. ಗ್ರಹಗ್ರಹಗಳನ್ನು ಸುತ್ತಿ ಸಮಾನತೆಯನ್ನು ಸಾರಿದವರು ತಮ್ಮ ನೌಕೆಯ ಅಧಿಕಾರಪೀಠದ ಬಳಿ ಬಂದಾಗ ಸಾರಿದುದನ್ನು ಮರೆತರು.

ನುಡಿಗೂ ನಡೆಗೂ ಅಂತರವಿರಬಾರದೆಂಬುದು ಶರಣರು ಮತ್ತೆ ಮತ್ತೆ ಒತ್ತಿಹೇಳಿದ ಮಾತು. ಆ ಅಳತೆಗೋಲನ್ನು ಹಿಡಿದು ನೋಡಿದರೆ 'ಜೇಮ್ಸ್ ಆರ್.' ಎಂಬುದು ತೃಣಪ್ರಾಯ. ಜಾನಿಸ್ ಲೆಸ್ಟರಳ ಪ್ರಸಂಗವೇ ಮೇರುಪ್ರಾಯ. ಒಂದು ಕೃತಿಯು ತಾನು ಕಟ್ಟಿದ ಲೋಕದ ಅಂಕಿಸಂಖ್ಯೆಗಳನ್ನು ಮರೆತರೆ ಪ್ರೇಕ್ಷಕನು ನಕ್ಕು ಮುಂದೆ ಸಾಗಬಹುದು. ತಾನು ಕಟ್ಟಿದ ಲೋಕದ ಧರ್ಮವನ್ನೇ ಮರೆತರೆ ಆ ಕೃತಿಯನ್ನು ನಂಬಿ ಬಂದವರಿಗೆ ನೋವಾಗುತ್ತದೆ. ಮೊದಲನೆಯದಕ್ಕೆ ಸಮಾಧಾನ ಸಾಕು. ಎರಡನೆಯದಕ್ಕೆ ಪರಿಹಾರ ಬೇಕು. ಆ ಪರಿಹಾರವೂ ಕಾಲಕ್ರಮದಲ್ಲಿ ದೊರೆಯಿತು: 1995ರಲ್ಲಿ ಆರಂಭವಾದ 'ವಾಯೇಜರ್' ಸರಣಿಯಲ್ಲಿ ಕ್ಯಾಥರಿನ್ ಜೇನ್‌ವೇ ಎಂಬ ಮಹಿಳೆಯೇ ನೌಕಾನಾಯಕಿ. ಹಣೆಯ ಏಣಿಗೆ ಎರಡು ಕಂತುಗಳ ಭಾಷ್ಯ ಬರೆದುದಕ್ಕಿಂತ ಇದು ಶ್ರೇಷ್ಠವಾದ ತಿದ್ದುಪಡಿ.

ದೋಷವನ್ನು ಕಂಡವರು ಏನು ಮಾಡಿದರೆಂಬುದೂ ಈ ಚರಿತ್ರೆಯ ಭಾಗವೇ ಆಗಿದೆ. ಎರಡನೆಯ ಋತುವಿನ ಹೊತ್ತಿಗೆ ಧಾರಾವಾಹಿ ನಿಂತುಹೋಗುವ ಭೀತಿಯುಂಟಾದಾಗ ಬಿಜೊ ಟ್ರಿಂಬಲ್ ಮತ್ತು ಅವರ ಪತಿ ಜಾನ್ ಟ್ರಿಂಬಲ್ ಪತ್ರಚಳವಳಿಯನ್ನು ಸಂಘಟಿಸಿದರು. 1968ರ ಮಾರ್ಚಿ ತಿಂಗಳಲ್ಲಿ ಎನ್.ಬಿ.ಸಿ.ಯವರು ಧಾರಾವಾಹಿ ಮುಂದುವರಿಯುವುದೆಂದು ಪ್ರಸಾರದಲ್ಲಿಯೇ ಘೋಷಿಸಬೇಕಾಯಿತು. ಪ್ರತಿಯೊಂದು ಕಂತಿನ ಹೆಸರು, ಪಾತ್ರ, ಸ್ಥಳಗಳನ್ನು ಅಕಾರಾದಿಯಾಗಿ ಜೋಡಿಸಿದ ಕೋಶವನ್ನು ಸಿದ್ಧಪಡಿಸಿದವರೂ ಇದೇ ಬಿಜೊ ಟ್ರಿಂಬಲ್. ಯಾರು ಅತ್ಯಂತ ಸೂಕ್ಷ್ಮವಾಗಿ ನೋಡಿದರೋ ಅವರೇ ಅತ್ಯಂತ ಗಾಢವಾಗಿ ಪ್ರೀತಿಸಿದರು. 1993ರಲ್ಲಿ ಫಿಲ್ ಫ್ಯಾರಂಡ್ ಎಂಬವರು ಮುಂದಿನ ಸರಣಿಯ ತಪ್ಪುಗಳನ್ನು ಕಂತು ಕಂತಾಗಿ ಎಣಿಸಿ ಒಂದು ಪುಸ್ತಕವನ್ನೇ ಬರೆದರು. ಒಂದು ಕೃತಿಯನ್ನು ಮತ್ತೆ ಮತ್ತೆ ಆಸಕ್ತಿಯಿಂದ ನೋಡದವನಿಗೆ ಅಂತಹ ಪುಸ್ತಕ ಬರೆಯುವ ತಾಳ್ಮೆ ಬರಲಾರದು. 1976ರ ಸೆಪ್ಟೆಂಬರ್ 17ರಂದು ಅಮೆರಿಕದ ಮೊದಲ ವ್ಯೋಮವಿಮಾನವು ಹೊರಬಂದಾಗ ಅದರ ಹೆಸರು 'ಎಂಟರ್‌ಪ್ರೈಸ್' ಆಗಿದ್ದುದು ಇಂತ ಅಭಿಮಾನಿಗಳ ಪತ್ರಗಳ ಫಲ. ಪರೀಕ್ಷಾರ್ಥವಾಗಿ ಕಟ್ಟಿದ ಆ ವಿಮಾನ ಆಕಾಶದಾಚೆಗೆ ಹೋಗಲೇ ಇಲ್ಲ. ಆದರೆ ಉಹುರಾಳನ್ನು ಕಂಡು ಬೆಳೆದ ಬಾಲಕಿಯೊಬ್ಬಳು ಹೋದಳು. 1992ರಲ್ಲಿ ವ್ಯೋಮಯಾನ ಮಾಡಿದ ಮೊದಲ ಆಫ್ರಿಕನ್-ಅಮೆರಿಕನ್ ಮಹಿಳೆ ಮೇ ಜೆಮಿಸನ್ ಆ ಪಾತ್ರವು ತಮ್ಮ ಮೇಲೆ ಬೀರಿದ ಪ್ರಭಾವವನ್ನು ನೆನೆದಿದ್ದಾರೆ. ಆಕೆಯ ಕಣ್ಣಿಗೆ ಬಿದ್ದುದು ಅಂಗಿಯ ಹರಿತವಲ್ಲ, ಆಸನದಲ್ಲಿ ಕುಳಿತ ವ್ಯಕ್ತಿ.

ಆದಕಾರಣ ವಿದ್ಯಾರ್ಥಿಗಳು ದೋಷವನ್ನು ಕಾಣಬಾರದೆಂದು ಹೇಳುವುದು ಸರಿಯಲ್ಲ. ಕಾಣಲಿ, ಚೆನ್ನಾಗಿ ಕಾಣಲಿ. ಕಂಡ ಮೇಲೆ ಮೂರು ಪ್ರಶ್ನೆಗಳನ್ನು ತಮಗೆ ತಾವೇ ಕೇಳಿಕೊಳ್ಳಲಿ. ಇದು ಕೈಯ ತಪ್ಪೋ, ಕೊರತೆಯ ತಪ್ಪೋ, ಅರಿವಿನ ತಪ್ಪೋ ಎಂಬುದು ಮೊದಲನೆಯದು. ಇದರಿಂದ ಕೃತಿಯ ಮೈಗೆ ಗಾಯವಾಯಿತೇ ಅಥವಾ ಆತ್ಮಕ್ಕೆ ಆಯಿತೇ ಎಂಬುದು ಎರಡನೆಯದು. ಇದನ್ನು ಎತ್ತಿಹೇಳುವುದರಿಂದ ಮುಂದಿನ ಕೃತಿ ಉತ್ತಮವಾಗುವುದೇ, ಇಲ್ಲವೇ ಹೇಳಿದವನ ಹೆಮ್ಮೆ ಮಾತ್ರ ಬೆಳೆಯುವುದೇ ಎಂಬುದು ಮೂರನೆಯದು. ಈ ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರ ಕಂಡುಕೊಂಡವನು ದೂರದರ್ಶನದ ಕಥೆಯನ್ನಷ್ಟೇ ಅಲ್ಲ, ಪಂಪನ ಕಾವ್ಯವನ್ನೂ ನೆರೆಯವನ ನಡತೆಯನ್ನೂ ಸರಿಯಾಗಿ ಅಳೆಯಬಲ್ಲನು. ಅದೇ ಅಳತೆಗೋಲಿನಿಂದ ತನ್ನನ್ನೂ ಅಳೆದುಕೊಳ್ಳುವ ಧೈರ್ಯ ಬಂದರೆ ಕಲಿತ ವಿದ್ಯೆ ಸಾರ್ಥಕವಾಯಿತೆಂದು ತಿಳಿಯಬಹುದು.